ಮನೆಯ ನಕ್ಷೆಯ ವುಡ್‌ಕಟ್: ಗೆರೆ ಕೆತ್ತಬೇಕಾ, ಗೆರೆ ಬಿಟ್ಟು ಸುತ್ತ ಕೆತ್ತಬೇಕಾ?

ಶರಾವತಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆಯಲ್ಲೇ ವುಡ್‌ಕಟ್, ಅಂದರೆ ಮರದ ಹಲಗೆ ಕೆತ್ತಿ ಇಂಕ್ ಹಾಕಿ ತೆಗೆಯುವ ಅಚ್ಚು, ಮಾಡುತ್ತಿದ್ದೇನೆ. ಪ್ರೆಸ್ ಇಲ್ಲ. ಚಮಚದ ಬೆನ್ನಲ್ಲಿ ಉಜ್ಜಿ ಅಚ್ಚು ತೆಗೆಯೋದು. ಮೊದಲೆಲ್ಲ ಎಲೆ, ಹಕ್ಕಿ, ಅಡಿಕೆ ಗೊನೆ ಮಾಡುತ್ತಿದ್ದೆ. ಈಗ ಒಂದು ಕೆಲಸ ಹಿಡಿದು ಮುಂದೆ ಹೋಗಲಾಗದೆ ಕೂತಿದ್ದೇನೆ. ನಿಮ್ಮ ಸಲಹೆ ಬೇಕು.

2023ರ ಜುಲೈ 16ರಂದು ಗೂಗಲ್ ಡೂಡಲ್‌ನಲ್ಲಿ ಜರೀನಾ ಅವರ ಹೆಸರು ಮೊದಲ ಸಲ ನೋಡಿದೆ. ಜರೀನಾ ಹಾಶ್ಮಿ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದವರು, ಗಣಿತದಲ್ಲಿ ಪದವಿ ಪಡೆದವರು, ಅಚ್ಚುಕಲೆಯಲ್ಲೇ ಬದುಕು ಕಳೆದವರು. 1997ರಲ್ಲಿ ಅವರು ‘ಹೋಮ್ಸ್ ಐ ಮೇಡ್ / ಎ ಲೈಫ್ ಇನ್ ನೈನ್ ಲೈನ್ಸ್’ ಅಂತ ಒಂಬತ್ತು ಎಚಿಂಗ್‌ಗಳ (ಲೋಹದ ತಗಡನ್ನು ಆಮ್ಲದಿಂದ ಕೊರೆದು ತೆಗೆಯುವ ಅಚ್ಚು) ಒಂದು ಮಾಲೆ ಮಾಡಿದ್ದಾರೆ. ತಾವು ಬಾಳಿದ ಮನೆಗಳ ನಕ್ಷೆಗಳು. ಬ್ಯಾಂಕಾಕ್, ಪ್ಯಾರಿಸ್, ಬಾನ್, ಟೋಕಿಯೊ, ನ್ಯೂಯಾರ್ಕ್, ಹೀಗೆ. ಜನ ಇಲ್ಲ, ಮಂಚ ಇಲ್ಲ, ಕಿಟಕಿಯಾಚೆ ಮರ ಇಲ್ಲ. ಗೋಡೆಯ ಗೆರೆ ಮಾತ್ರ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಅಂದರೆ ನಮ್ಮಮ್ಮ ಹುಟ್ಟಿದ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆ. 1964ರಲ್ಲಿ ಅಣೆಕಟ್ಟು ಮುಗಿಯಿತು. ಅಮ್ಮ ಆಗ ಚಿಕ್ಕ ಹುಡುಗಿ. ಮನೆಯ ಒಂದು ಫೋಟೊ ಕೂಡ ಇಲ್ಲ. ಹೋದ ತಿಂಗಳು ಕ್ಯಾಲೆಂಡರ್ ಹಾಳೆಯ ಹಿಂಬದಿ ಕೊಟ್ಟು ‘ಬರೆದುಕೊಡು’ ಅಂದೆ. ಅಂಗಳ, ಜಗುಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ. ಹತ್ತು ನಿಮಿಷದಲ್ಲಿ ಬರೆದು ಮುಗಿಸಿದರು. ಪೆನ್ಸಿಲ್ ಎಲ್ಲೂ ತಡವರಿಸಲಿಲ್ಲ.

ಅದನ್ನು ಪ್ಲೈವುಡ್ ಮೇಲೆ ಹಾಕಿ, ವಿ-ಉಳಿಯಲ್ಲಿ ಗೆರೆ ಕೆತ್ತಿ, ಕಪ್ಪು ಇಂಕ್ ಹಾಕಿ ಅಚ್ಚು ತೆಗೆದೆ. ಕಪ್ಪು ಹಾಳೆಯಲ್ಲಿ ತೆಳ್ಳಗಿನ ಬಿಳಿ ಗೆರೆಗಳು ಬಂದವು. ಅಮ್ಮ ನೋಡಿ ಎರಡು ಮಾತು ಹೇಳಿದರು. ‘ರಾತ್ರಿ ಹೊತ್ತಿನ ಮನೆ ಥರ ಇದೆ.’ ಆಮೇಲೆ, ‘ಅಡುಗೆಮನೆ ಎಡಗಡೆಗೆ ಯಾಕೆ ಬಂತು?’

ಎರಡನೆಯದು ನನ್ನ ತಪ್ಪು. ಅಚ್ಚು ತಿರುವುಮುರುವು ಬರುತ್ತದೆ ಅನ್ನೋದು ಮರೆತಿದ್ದೆ. ಹಕ್ಕಿ ಯಾವ ಕಡೆ ಮುಖ ಮಾಡಿದರೂ ನಡೆಯುತ್ತದೆ, ಮನೆ ಹಾಗಲ್ಲ. ಅದನ್ನು ಸರಿ ಮಾಡಬಹುದು. ಆದರೆ ಅದಕ್ಕಿಂತ ದೊಡ್ಡ ತೊಂದರೆ, ಚಿತ್ರದಲ್ಲಿ ಜೀವವೇ ಇಲ್ಲ. ಪಂಚಾಯಿತಿಗೆ ಕೊಡೋ ನಕ್ಷೆ ಥರ ಕಾಣುತ್ತದೆ. ಅಷ್ಟೇ ಗೆರೆ ಜರೀನಾ ಎಳೆದರೆ ಎದೆಗೆ ತಾಗುತ್ತದೆ. ನನ್ನದರಲ್ಲಿ ಏನು ಕಡಿಮೆ ಆಗಿದೆ?

ಉಳಿ-ಹಲಗೆ

ನಮಸ್ಕಾರ. ಮೊದಲು ತಿರುವುಮುರುವಿನ ವಿಷಯ. ಟ್ರೇಸಿಂಗ್ ಹಾಳೆಯಲ್ಲಿ ಬರೆದು, ಹಾಳೆ ಮಗುಚಿ, ಕೆಳಗೆ ಕಾರ್ಬನ್ ಇಟ್ಟು ಹಲಗೆಗೆ ಇಳಿಸಿ. ಕೆತ್ತುವಾಗ ಪಕ್ಕದಲ್ಲಿ ಒಂದು ಕನ್ನಡಿ ಇಟ್ಟುಕೊಳ್ಳಿ. ನಾನು ಮೂವತ್ತು ವರ್ಷದಿಂದ ವುಡ್‌ಕಟ್ ಮಾಡುತ್ತಿದ್ದೇನೆ, ಈಗಲೂ ಕನ್ನಡಿ ಇಡುತ್ತೇನೆ.

ಇನ್ನು ಮುಖ್ಯ ಪ್ರಶ್ನೆ. ಜರೀನಾ ಅವರ 2001ರ ‘ಡಿವೈಡಿಂಗ್ ಲೈನ್’ ನೋಡಿದ್ದೀರಾ? ಅದು ವುಡ್‌ಕಟ್. ಹಾಳೆ ತುಂಬ ಒಂದೇ ಒಂದು ಗೆರೆ. ಭಾರತ ಪಾಕಿಸ್ತಾನದ ಗಡಿ. ಮೇಲಿಂದ ಕೆಳಗೆ ವಕ್ರವಾಗಿ ಇಳಿಯುತ್ತದೆ. ಆ ಗೆರೆ ಕಪ್ಪು. ಅಂದರೆ ಅವರು ಗೆರೆಯನ್ನು ಕೆತ್ತಿಲ್ಲ. ಗೆರೆಯನ್ನು ಹಾಗೇ ಬಿಟ್ಟು, ಎರಡೂ ಬದಿಯ ನೆಲವನ್ನು ಕೆತ್ತಿ ತೆಗೆದಿದ್ದಾರೆ. ಹತ್ತಿರದಿಂದ ನೋಡಿದರೆ ಆ ಬಯಲಿನಲ್ಲಿ ಉಳಿ ಓಡಾಡಿದ ಗುರುತು ಸಣ್ಣ ಸಣ್ಣ ಕಪ್ಪು ಗೀರುಗಳಾಗಿ ಉಳಿದಿವೆ.

ಇದು ಕೆಲಸದ ಲೆಕ್ಕದಲ್ಲಿ ಏನು ಅಂತ ಯೋಚಿಸಿ. ಗೆರೆ ಕೆತ್ತಲು ಹೊರಟರೆ ಅರ್ಧ ಗಂಟೆ. ಗೆರೆ ಬಿಡಲು ಹೊರಟರೆ ದಿನಗಟ್ಟಲೆ. ಎರಡು ದೇಶದ ನೆಲವನ್ನು ಇಂಚಿಂಚು ಕೆರೆದು ತೆಗೆಯಬೇಕು, ಗೆರೆ ಮಾತ್ರ ಮುರಿಯದ ಹಾಗೆ ಕಾಯಬೇಕು. ನೋಡುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಆದರೂ ಕಣ್ಣಿಗೆ ಏನೋ ತಾಗುತ್ತದೆ. ಉಬ್ಬಿದ ಜಾಗಕ್ಕೆ ಮಾತ್ರ ಇಂಕ್ ಹಿಡಿಯುವುದರಿಂದ ಆ ಗೆರೆ ಹಾಳೆಯ ಮೇಲೆ ದಟ್ಟವಾಗಿ ಕೂತಿರುತ್ತದೆ. ಗಾಯ ಒಣಗಿ ಎದ್ದು ನಿಂತ ಹಾಗೆ.

ನಿಮ್ಮದರಲ್ಲಿ ಗೋಡೆ ಇರುವ ಕಡೆ ಮರ ಇಲ್ಲ. ಗೋಡೆಯನ್ನೇ ನೀವು ತೆಗೆದುಬಿಟ್ಟಿದ್ದೀರಿ. ಅಮ್ಮ ‘ರಾತ್ರಿ ಹೊತ್ತಿನ ಮನೆ’ ಅಂದರಲ್ಲ, ಅವರ ಕಣ್ಣು ಸರಿಯಾಗಿ ಹೇಳಿದೆ. ಗೋಡೆ ಬಿಟ್ಟು ಕೋಣೆ ಕೆತ್ತಿ.

ಹಳೇ ಡ್ರಾಫ್ಟ್ಸ್‌ಮನ್

ನಾನು ಕಲಾವಿದ ಅಲ್ಲ. ಮೂವತ್ತನಾಲ್ಕು ವರ್ಷ ನಕ್ಷೆ ಬರೆದು ನಿವೃತ್ತನಾದವನು. ಮೊದಲು ಟ್ರೇಸಿಂಗ್ ಬಟ್ಟೆ, ರೂಲಿಂಗ್ ಪೆನ್ನು, ಆಮೇಲೆ ಕಂಪ್ಯೂಟರ್. ನನ್ನ ಮಗಳು ಈ ಚರ್ಚೆ ತೋರಿಸಿದಳು. ನಿಜ ಹೇಳಬೇಕು ಅಂದರೆ, ನಕ್ಷೆ ಕಲೆ ಹೇಗಾಗುತ್ತದೆ ಅನ್ನೋದು ನನಗೆ ಇನ್ನೂ ಅರ್ಥವಾಗಿಲ್ಲ. ನಾವು ಬರೆದದ್ದೆಲ್ಲ ಕೆಲಸಕ್ಕೆ ಬರೆದದ್ದು.

ಆದರೆ ಈ ಮೇಡಂ ಅವರ ನಕ್ಷೆಗೆ ಯಾಕೆ ಜೀವ ಬಂದಿಲ್ಲ ಅನ್ನೋದಕ್ಕೆ ನನ್ನ ಬಳಿ ಒಂದು ಕಾರಣ ಇದೆ. ಎಲ್ಲ ಗೆರೆಯನ್ನೂ ಒಂದೇ ದಪ್ಪ ಬರೆದಿದ್ದೀರಿ. ಮಲೆನಾಡಿನ ಹಳೇ ಮನೆಯ ಹೊರಗೋಡೆ ಮಣ್ಣಿನದು. ಒಂದೂವರೆ ಅಡಿಗೆ ಕಮ್ಮಿ ಇರುವುದಿಲ್ಲ. ಒಳಗಿನ ಅಡ್ಡಗೋಡೆ ಅದರ ಅರ್ಧ. ಕೆಲವು ಕಡೆ ಬರೀ ಮರದ ಹಲಗೆ. ಕೊಟ್ಟಿಗೆಗೆ ಗೋಡೆಯೇ ಇರುವುದಿಲ್ಲ, ಕಂಬ ಮತ್ತು ದಬ್ಬೆ. ನಮಗೆ ಮೊದಲ ವಾರ ಕಲಿಸಿದ್ದೇ ಇದು: ಭಾರ ಹೊರುವ ಗೋಡೆಗೆ ದಪ್ಪ ಗೆರೆ, ಭಾರ ಹೊರದ್ದಕ್ಕೆ ತೆಳು ಗೆರೆ. ಅಮ್ಮನನ್ನು ಗೋಡೆ ಎಷ್ಟು ದಪ್ಪ ಇತ್ತು ಅಂತ ಕೇಳಿ.

ನ್ಯೂಜೆರ್ಸಿಯಿಂದ

2013ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಜರೀನಾ ಅವರ ‘ಪೇಪರ್ ಲೈಕ್ ಸ್ಕಿನ್’ ಪ್ರದರ್ಶನ ನೋಡಿದ್ದೆ. ಮಗು ಹೊಟ್ಟೆಯಲ್ಲಿದ್ದಾಗ. ಹೊರಗೆ ಚಳಿ ಇತ್ತು, ಸುಮ್ನೆ ಬೆಚ್ಚಗೆ ಒಂದು ಗಂಟೆ ಕಳೆಯೋಣ ಅಂತ ಒಳಗೆ ಹೋಗಿದ್ದು. ಮೂರು ಗಂಟೆ ಇದ್ದೆ.

‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ ಅಂತ 1999ರ ಮಾಲೆ. ಮೂವತ್ತಾರು ವುಡ್‌ಕಟ್. ಒಂದೊಂದೂ ಅಂಗೈಗಿಂತ ಸ್ವಲ್ಪ ದೊಡ್ಡದು. ತೆಳ್ಳಗಿನ ಜಪಾನಿ ಕಾಗದದಲ್ಲಿ ಕಪ್ಪು ಅಚ್ಚು. ಪ್ರತಿಯೊಂದರಲ್ಲೂ ಉರ್ದುವಿನ ಒಂದು ಪದ. ನನ್ನ ಜೊತೆ ಹೈದರಾಬಾದಿನ ಗೆಳತಿ ಇದ್ದಳು. ಅವಳು ಓದುತ್ತಾ ಹೋದಳು: ಘರ್, ದೆಹಲೀಜ್, ದರ್ವಾಜಾ. ನಾನು ಮನಸ್ಸಿನಲ್ಲೇ ಮನೆ, ಹೊಸ್ತಿಲು, ಬಾಗಿಲು ಅಂದುಕೊಳ್ಳುತ್ತಿದ್ದೆ. ‘ಹೊಸ್ತಿಲು’ ಅಂದ ಕೂಡಲೇ ನನಗೆ ಅಜ್ಜಿ ಶುಕ್ರವಾರ ಅರಿಶಿನ ಬಳಿಯುತ್ತಿದ್ದದ್ದು ನೆನಪಾಯಿತು. ಗೋಡೆಯ ಮೇಲೆ ಇದ್ದದ್ದು ಮಾತ್ರ ಕೆಲವೇ ಗೆರೆ.

ಜರೀನಾ ಅವರಿಗೆ ಪದ ಮೊದಲು ಬರುತ್ತಿತ್ತಂತೆ, ಚಿತ್ರ ಅದರ ಹಿಂದೆ. ನೀವೂ ನಕ್ಷೆ ಬರೆಯುವ ಮೊದಲು ಅಮ್ಮನ ಬಾಯಲ್ಲಿ ಬರುವ ಪದಗಳನ್ನು ಬರೆದಿಟ್ಟುಕೊಳ್ಳಿ. ‘ಕೋಣೆ’ ಅನ್ನೋದಕ್ಕೂ ‘ಒಳ’ ಅನ್ನೋದಕ್ಕೂ ಒಂದೇ ಗೆರೆ ಬರುವುದಿಲ್ಲ ಅಂತ ನನಗೆ ಅನಿಸುತ್ತದೆ.

ಚೌಕ ಮಾತ್ರ

ಒಂದು ತಕರಾರು ಇದೆ. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ನನಗೆ ಜಾಮಿತಿಯ ಚಿತ್ರ ಅಂದರೆ ಪ್ರಾಣ. ಜರ್ಮನಿಯಲ್ಲಿ ಹುಟ್ಟಿದ ಕಲಾವಿದ ಯೋಸೆಫ್ ಆಲ್ಬರ್ಸ್ 1950ರಲ್ಲಿ ಚೌಕದೊಳಗೆ ಚೌಕ ಇಡೋಕೆ ಶುರು ಮಾಡಿ, ಸಾಯುವವರೆಗೂ ಅದನ್ನೇ ಮಾಡಿದರು. ಬಣ್ಣದ ಚಿತ್ರದಲ್ಲೂ ಮಾಡಿದರು, ಸ್ಕ್ರೀನ್‌ಪ್ರಿಂಟ್‌ನಲ್ಲೂ (ಬಿಗಿದು ಕಟ್ಟಿದ ತೆಳು ಬಟ್ಟೆಯ ಮೂಲಕ ಇಂಕ್ ಒತ್ತಿ ತೆಗೆಯೋ ಅಚ್ಚು) ಮಾಡಿದರು. ಅಲ್ಲಿ ಕಥೆ ಇಲ್ಲ. ಹಳದಿ ಪಕ್ಕ ಬೂದು ಇಟ್ಟರೆ ಹಳದಿ ಏನಾಗುತ್ತದೆ, ಅಷ್ಟೇ. ಯಾರ ಮನೆ, ಯಾವ ಊರು ಅಂತ ಯಾರೂ ಹೇಳಬೇಕಾಗಿಲ್ಲ. ಜರೀನಾ ಅವರ ಗೆರೆ ವಿಭಜನೆಯ ಗಡಿ ಅಂತ ಗೊತ್ತಿಲ್ಲದವನಿಗೆ ಅದು ಬರೀ ಡೊಂಕು ಗೆರೆ ಅಲ್ವಾ? ಕಥೆಯ ಆಸರೆ ತೆಗೆದರೆ ಚಿತ್ರ ನಿಲ್ಲುತ್ತದಾ?

ಉಳಿ-ಹಲಗೆ

ಒಳ್ಳೆಯ ಪ್ರಶ್ನೆ. ನಿಮ್ಮ ಆಲ್ಬರ್ಸ್ ಅವರಿಂದಲೇ ಶುರು ಮಾಡುತ್ತೇನೆ. ಅವರದೇ 1944ರ ‘ಟ್ಲಾಲಾಕ್’ ಅನ್ನೋ ವುಡ್‌ಕಟ್ ಹುಡುಕಿ ನೋಡಿ. ನೇರ ಗೆರೆಗಳ ಆಕಾರ, ಹಿಂದೆ ಹಲಗೆಯ ಎಳೆಗಳು ಅಲೆ ಅಲೆಯಾಗಿ ಹಾಗೇ ಅಚ್ಚಾಗಿವೆ. ಆ ಎಳೆಯನ್ನು ಆಲ್ಬರ್ಸ್ ಬರೆಯಲಿಲ್ಲ. ಮರ ಬರೆದುಕೊಂಡದ್ದು, ವರ್ಷ ವರ್ಷ ಬೆಳೆಯುತ್ತಾ. ಅದನ್ನು ಅಳಿಸದೆ ಬಿಟ್ಟರು. ಟ್ಲಾಲಾಕ್ ಅಂದರೆ ಮೆಕ್ಸಿಕೊದ ಹಳೇ ಜನರ ಮಳೆ ದೇವರು. ಹೆಸರು ತಿಳಿದ ಮೇಲೆ ಆ ಎಳೆಗಳು ಮಳೆಯಾಗಿ ಕಾಣುತ್ತವೆ. ತಿಳಿಯದಿದ್ದರೂ ಕಣ್ಣು ಅಲ್ಲೇ ನಿಲ್ಲುತ್ತದೆ.

ಜರೀನಾ ಕೂಡ 1960ರ ದಶಕದ ಕೊನೆಗೆ ಮರದ ತುಂಡುಗಳನ್ನು ಜೋಡಿಸಿ, ಅವುಗಳಿಗೇ ಇಂಕ್ ಹಾಕಿ ಅಚ್ಚು ತೆಗೆದಿದ್ದರು. ಆಗ ಅವರು ಪ್ಯಾರಿಸ್‌ನಲ್ಲಿ ಅಚ್ಚುಕಲಾವಿದ ಹೇಟರ್ ಅವರ ‘ಅತೆಲಿಯೆ 17’ ಅನ್ನೋ ಸ್ಟುಡಿಯೊದಲ್ಲಿ ಕಲಿತು ಬಂದಿದ್ದರು. ನಮ್ಮ ಚಿತ್ತೂರು ಕಡೆಯ ಅಚ್ಚುಕಲಾವಿದ ಕೃಷ್ಣ ರೆಡ್ಡಿ ಅವರು ಇದ್ದದ್ದೂ ಅದೇ ಸ್ಟುಡಿಯೊದಲ್ಲಿ. ಒಂದೇ ಪ್ಲೇಟಿನ ಮೇಲೆ ಅಂಟು ಹೆಚ್ಚು ಕಡಿಮೆ ಇರುವ ಇಂಕ್‌ಗಳನ್ನು ಒಟ್ಟಿಗೆ ಹಾಕಿ, ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿಧಾನ ಬೆಳೆದದ್ದು ಅಲ್ಲೇ. ಅಷ್ಟೊಂದು ಬಣ್ಣ ಕಣ್ಣೆದುರಿಗಿದ್ದರೂ ಈಕೆ ಕಪ್ಪು, ಬಿಳಿ, ಮರದ ಎಳೆ ಇಷ್ಟೇ ಸಾಕು ಅಂದುಕೊಂಡರು. 1974ರಲ್ಲಿ ಟೋಕಿಯೊಗೆ ಹೋಗಿ ತೋಶಿ ಯೋಶಿದಾ ಅವರ ಬಳಿ ಜಪಾನಿ ಮರದಚ್ಚು ಕಲಿತರು. ಕೈಗೆ ಎಲ್ಲ ಬರುತ್ತಿತ್ತು, ಅದರಲ್ಲಿ ಬೇಡದ್ದನ್ನು ಬಿಟ್ಟರು.

ಹಾಗಾಗಿ ನನ್ನ ಉತ್ತರ: ಕಥೆ ತೆಗೆದರೂ ನಿಲ್ಲುತ್ತದೆ. ಗಡಿ ಅಂತ ಗೊತ್ತಿಲ್ಲದ ನನ್ನ ವಿದ್ಯಾರ್ಥಿಗಳಿಗೆ ‘ಡಿವೈಡಿಂಗ್ ಲೈನ್’ ತೋರಿಸಿದ್ದೇನೆ. ಒಬ್ಬಳು ‘ಬಿರುಕು’ ಅಂದಳು. ಇನ್ನೊಬ್ಬ ‘ಹೊಳೆ’ ಅಂದ. ಯಾರೂ ಸುಮ್ನೆ ಗೆರೆ ಅನ್ನಲಿಲ್ಲ.

ಚೌಕ ಮಾತ್ರ

‘ಟ್ಲಾಲಾಕ್’ ನೋಡಿದೆ. ಇಷ್ಟು ವರ್ಷ ಆಲ್ಬರ್ಸ್ ಅವರನ್ನು ಓದಿದ್ದೇನೆ, ಇದನ್ನು ಸರಿಯಾಗಿ ನೋಡಿರಲಿಲ್ಲ. ಧನ್ಯವಾದ. ಆದರೂ ಹೇಳುತ್ತೇನೆ, ಕಥೆ ಹೇಳಿದ ಮೇಲೆ ನೋಡುವವರ ಕಣ್ಣು ಸೋಮಾರಿಯಾಗುತ್ತದೆ. ‘ಓ, ವಿಭಜನೆ’ ಅಂತ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಮೇಡಂ, ನಿಮ್ಮ ಅಚ್ಚಿನ ಕೆಳಗೆ ‘ಮುಳುಗಡೆ’ ಅಂತ ಬರೆಯಬೇಡಿ. ಗೆರೆಯೇ ಹೇಳಲಿ.

ಸ್ಕ್ರೀನ್ ಪ್ರಿಂಟ್ ಅಂಗಡಿ

ನಾನು ಮದುವೆ ಕಾರ್ಡು, ಬ್ಯಾನರು, ಟೀ ಶರ್ಟು ಪ್ರಿಂಟ್ ಮಾಡುವವನು. ಹನ್ನೆರಡು ವರ್ಷದಿಂದ ಇದೇ ಕಸುಬು. ನನ್ನ ಕಡೆಯಿಂದ ಒಂದು ಮಾತು.

ಅಗ್ನೆಸ್ ಮಾರ್ಟಿನ್ ಅಂತ ಒಬ್ಬರಿದ್ದರು. ಪೆನ್ಸಿಲ್ ಗೆರೆಯ ಬಲೆ ಎಳೆದೇ ಹೆಸರಾದವರು. 1967ರಲ್ಲಿ ನ್ಯೂಯಾರ್ಕ್ ಬಿಟ್ಟು ಹೋದರು, ಚಿತ್ರ ಬರೆಯೋದನ್ನೇ ನಿಲ್ಲಿಸಿದರು. ಮತ್ತೆ ಕಲೆಗೆ ಮರಳಿದ್ದು ಸ್ಕ್ರೀನ್‌ಪ್ರಿಂಟ್ ಮೂಲಕ. 1973ರ ‘ಆನ್ ಎ ಕ್ಲಿಯರ್ ಡೇ’. ಮೂವತ್ತು ಹಾಳೆ, ಎಲ್ಲ ಚೌಕ ಹಾಳೆ, ಬೂದು ಗೆರೆ ಮಾತ್ರ. ಅಡ್ಡ ಗೆರೆ, ಉದ್ದ ಗೆರೆ, ಬಲೆ. ಪ್ರಿಂಟ್ ಮಾಡಿದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಆ ಗೆರೆಗಳಲ್ಲಿ ಕೈ ನಡುಕ ಇಲ್ಲ. ಅವರಿಗೆ ಬೇಕಾಗಿದ್ದೂ ಅದೇ.

ಯಾಕೆ ಹೇಳಿದೆ ಅಂದರೆ, ಇಲ್ಲಿ ಎಲ್ಲರೂ ಕೈ ಗುರುತು, ಉಳಿ ಗುರುತು ಅಂತಿದ್ದೀರಿ. ನುಣ್ಣಗಿನ ಗೆರೆಗೂ ಜೀವ ಇರುತ್ತದೆ. ಕೂದಲೆಳೆ ಗೆರೆ ಮೂವತ್ತು ಸ್ಕ್ರೀನಿನಲ್ಲಿ ಒಂದೇ ಸಮ ತೆಗೆಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಇಂಕ್ ಸ್ವಲ್ಪ ಗಟ್ಟಿಯಾದರೆ ಬಟ್ಟೆ ಕಟ್ಟಿಕೊಂಡು ಗೆರೆ ತುಂಡಾಗುತ್ತದೆ. ಸ್ವಲ್ಪ ನೀರಾದರೆ ಅಂಚು ಹರಡುತ್ತದೆ. ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಎಳೆಯುವಾಗ ಉಸಿರು ಹಿಡಿಯಬೇಕು. ಹೂವು, ಗಣಪತಿ ಇದ್ದ ಕಾರ್ಡಿನಲ್ಲಿ ಎಲ್ಲೋ ಒಂದು ಚುಕ್ಕೆ ತಪ್ಪಿದರೆ ಯಾರಿಗೂ ಕಾಣಲ್ಲ. ಖಾಲಿ ಹಾಳೆಯಲ್ಲಿ ಒಂದೇ ಗೆರೆ ಇದ್ದಾಗ ಸಾಸಿವೆಯಷ್ಟು ತಪ್ಪೂ ಎದ್ದು ಕಾಣುತ್ತದೆ. ಕಡಿಮೆ ಇದ್ದಷ್ಟೂ ಕೆಲಸ ಜಾಸ್ತಿ.

ಶರಾವತಿ ಕಡೆಯವಳು

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಡ್ರಾಫ್ಟ್ಸ್‌ಮನ್ ಸರ್ ಅವರ ಪ್ರಶ್ನೆ ಕೇಳಿ ಅಮ್ಮ ಎದ್ದು ನಿಂತು ಕೈ ಚಾಚಿದರು. ಹೆಬ್ಬೆರಳಿಂದ ಕಿರುಬೆರಳಿಗೆ ಒಂದು ಗೇಣು, ಮತ್ತೆ ಇನ್ನೊಂದು ಗೇಣು. ‘ಹೊರಗೋಡೆ ಎರಡು ಗೇಣು. ಕಿಟಕಿ ಒಳಗೆ ನಾನು ಕಾಲು ಮಡಚಿ ಕೂರುತ್ತಿದ್ದೆ’ ಅಂದರು. ಇದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಗೋಡೆಯೊಳಗೆ ಒಂದು ಮಗು ಕೂರುವಷ್ಟು ಜಾಗ.

ನ್ಯೂಜೆರ್ಸಿ ಅಕ್ಕ, ನೀವು ಹೇಳಿದ ಹಾಗೆ ಪದ ಬರೆದುಕೊಂಡೆ. ಅಮ್ಮ ‘ದೇವರ ಕೋಣೆ’ ಅನ್ನಲಿಲ್ಲ, ‘ದೇವರೊಳ’ ಅಂದರು. ಅಟ್ಟಕ್ಕೆ ‘ಮೆತ್ತು’ ಅಂದರು. ಮೆತ್ತು ನಕ್ಷೆಯಲ್ಲಿ ಬರುವುದಿಲ್ಲ, ಮೇಲೆ ಇರುವುದಲ್ವಾ. ಆದರೆ ಏಣಿ ಎಲ್ಲಿತ್ತು ಅಂತ ಒಂದು ಸಣ್ಣ ಚೌಕ ಬಿಡುತ್ತೇನೆ.

ಈಗ ಹೊಸ ಹಲಗೆ ತಗೊಂಡಿದ್ದೇನೆ. ಎರಡು ಸಂದೇಹ. ತೆಳು ಗೋಡೆಯ ಗೆರೆ ಕೆತ್ತುವಾಗ ಪ್ಲೈ ಸಿಬಿರು ಎದ್ದು ಗೆರೆಯೇ ಹಾರಿಹೋಗುತ್ತಿದೆ. ಇನ್ನೊಂದು, ಕೋಣೆಯೊಳಗಿನ ಉಳಿ ಗುರುತನ್ನು ಪೂರ್ತಿ ತೆಗೆಯಲಾ, ಸ್ವಲ್ಪ ಉಳಿಸಲಾ?

ಉಳಿ-ಹಲಗೆ

ಸಿಬಿರಿಗೆ: ಮೊದಲು ಚೂಪಾದ ಚಾಕುವಿನಲ್ಲಿ ಗೆರೆಯ ಎರಡೂ ಅಂಚನ್ನು ಗೀರಿ. ಆಮೇಲೆ ಉಳಿ ಹಾಕಿ, ಸಿಬಿರು ಆ ಗೀರಿನಲ್ಲೇ ನಿಲ್ಲುತ್ತದೆ. ಚಾಕು ನೆಟ್ಟಗೆ ಇಳಿಸಬೇಡಿ. ಗೆರೆಯಿಂದ ಆಚೆಗೆ ಓರೆಯಾಗಿ ಇಳಿಸಿ. ಗೆರೆಯ ಬುಡ ಅಗಲ ಇರಬೇಕು, ಗದ್ದೆ ಬದುವಿನ ಹಾಗೆ. ಬುಡ ಕೊರೆದುಬಿಟ್ಟರೆ ಉಜ್ಜುವಾಗ ಮುರಿಯುತ್ತದೆ. ಎಳೆಗೆ ಅಡ್ಡ ಬರುವ ಗೋಡೆಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಕೈಗೆ ಆ ಹಲಗೆ ಪರಿಚಯವಾಗಿರುತ್ತದೆ.

ಉಳಿ ಗುರುತು: ಇದಕ್ಕೆ ನಿಯಮ ಇಲ್ಲ. ನಾನಾದರೆ ಅಂಗಳದಲ್ಲಿ ಬಿಡುತ್ತಿದ್ದೆ, ಮನೆಯೊಳಗೆ ತೆಗೆಯುತ್ತಿದ್ದೆ. ಉಳಿಯನ್ನು ಯಾವ ದಿಕ್ಕಿಗೆ ಓಡಿಸುತ್ತೀರಿ ಅನ್ನೋದು ಮುಖ್ಯ. ಅಂಗಳ ಗುಡಿಸುವ ದಿಕ್ಕಿಗೆ ಓಡಿಸಿ ನೋಡಿ.

ಇಂಕ್ ತೆಳು ಇರಲಿ. ಗಾಜಿನ ಮೇಲೆ ರೋಲರ್ ಆಡಿಸುವಾಗ ಕಿವಿಗೊಡಿ. ಪಚಪಚ ಅಂದರೆ ಜಾಸ್ತಿ ಆಗಿದೆ. ರೇಷ್ಮೆ ಸೀರೆ ಸರಿದ ಹಾಗೆ ಸಣ್ಣಗೆ ಸುಯ್ ಅಂದರೆ ಸರಿ. ಅಚ್ಚು ತೆಗೆಯುವ ಮೊದಲು ಹಲಗೆಯ ಮೇಲ್ಮೈಗೆ ಝೀರೋ ನಂಬರ್ ಉಪ್ಪುಕಾಗದ ಒಂದು ಸಲ ಎಳೆದುಬಿಡಿ. ಜಪಾನಿ ಕಾಗದ ತುಟ್ಟಿ. ತೆಳ್ಳಗಿನ ನೇಪಾಳಿ ಕೈಕಾಗದ ಸಾಕು. ಚಮಚದಲ್ಲಿ ಉಜ್ಜಲು ಅದು ಚೆನ್ನಾಗಿ ಒದಗುತ್ತದೆ. ಹಿಂಬದಿಯಿಂದಲೇ ಗೆರೆ ಕಾಣುವುದರಿಂದ ಎಲ್ಲಿ ಹಿಡಿದಿದೆ, ಎಲ್ಲಿ ಇಲ್ಲ ಅಂತ ಗೊತ್ತಾಗುತ್ತದೆ.

ಹಳೇ ಡ್ರಾಫ್ಟ್ಸ್‌ಮನ್

ಎರಡು ಗೇಣು. ಸರಿಯಾಗಿ ಹೇಳಿದ್ದಾರೆ. ಬಾಗಿಲು ಇರುವ ಕಡೆ ಗೆರೆ ನಿಲ್ಲಿಸಲು ಮರೆಯಬೇಡಿ. ನಕ್ಷೆಯಲ್ಲಿ ಬಾಗಿಲು ಅಂದರೆ ಗೋಡೆ ಇಲ್ಲದ ಜಾಗ. ಬಾಗಿಲ ರೆಕ್ಕೆಯ ಕಮಾನು ಬರೆಯಬೇಡಿ, ಅದು ನಮ್ಮ ಆಫೀಸಿನ ಪದ್ಧತಿ.

ನಿನ್ನೆ ಮಗಳು ‘ಡಿವೈಡಿಂಗ್ ಲೈನ್’ ದೊಡ್ಡದು ಮಾಡಿ ತೋರಿಸಿದಳು. ಬಹಳ ಹೊತ್ತು ನೋಡಿದೆ. ಗಡಿ ಗುರುತಿಸಲು ಬಂದ ಬ್ರಿಟಿಷ್ ವಕೀಲ ರ‍್ಯಾಡ್‌ಕ್ಲಿಫ್ ಅವರಿಗೆ ಆ ಗೆರೆ ಎಳೆಯಲು ಸಿಕ್ಕಿದ್ದು ಐದು ವಾರ. 1947ರ ಆಗಸ್ಟ್ 17ಕ್ಕೆ ಪ್ರಕಟವಾಯಿತು. ಅದನ್ನೂ ಯಾರೋ ಒಬ್ಬ ಡ್ರಾಫ್ಟ್ಸ್‌ಮನ್ ಮೇಜಿನ ಮೇಲೆ ನಕ್ಷೆಗೆ ಇಳಿಸಿರಬೇಕು ಅಲ್ವಾ. ಪೆನ್ನಿನಲ್ಲಿ ಸುಲಭವಾಗಿ ಎಳೆದ ಗೆರೆಯನ್ನು ಈ ಹೆಂಗಸು ಅಷ್ಟು ಕಷ್ಟಪಟ್ಟು ಮರದಲ್ಲಿ ಉಳಿಸಿದ್ದಾರೆ. ಅವರಿಗೆ ಆಗ ಹತ್ತು ವರ್ಷವಂತೆ. ಆಮೇಲೆ ಮನೆಯವರು ಕರಾಚಿಗೆ ಹೋದರಂತೆ. ನಾನು ಮೊದಲು ಕೇಳಿದ ಪ್ರಶ್ನೆಯನ್ನು ವಾಪಸ್ ತಗೊಳ್ಳುತ್ತೇನೆ.

ಶರಾವತಿ ಕಡೆಯವಳು

ಹನ್ನೊಂದು ದಿನ ಹಿಡಿಯಿತು. ದಿನಾ ರಾತ್ರಿ ಊಟ ಆದ ಮೇಲೆ ಎರಡು ಗಂಟೆ.

ಹೊರಗೋಡೆ ದಪ್ಪ ಬಿಟ್ಟಿದ್ದೇನೆ, ಹೆಚ್ಚುಕಡಿಮೆ ಕಿರುಬೆರಳಿನಷ್ಟು. ಅದರಲ್ಲಿ ಜಗುಲಿ ಪಕ್ಕ ಒಂದು ಕಡೆ ಸಣ್ಣ ಕಚ್ಚು. ಅದು ಅಮ್ಮ ಕೂರುತ್ತಿದ್ದ ಕಿಟಕಿ. ಒಳಗೋಡೆ ತೆಳು. ಕೊಟ್ಟಿಗೆಗೆ ಗೋಡೆ ಇಲ್ಲ, ಆರು ಚುಕ್ಕಿ ಮಾತ್ರ. ಅಂಗಳದಲ್ಲಿ ಉಳಿ ಗುರುತು ಇವೆ, ಗುಡಿಸುವ ದಿಕ್ಕಿಗೆ. ಕೋಣೆಗಳು ಬಿಳಿ. ಹಾಳೆಯ ಮೇಲ್ಗಡೆ ಬಲ ಮೂಲೆ ಪೂರ್ತಿ ಖಾಲಿ ಬಿಟ್ಟಿದ್ದೇನೆ. ಹೊಳೆ ಇದ್ದದ್ದು ಆ ಕಡೆ. ಮೊದಲು ಅಲ್ಲಿ ನೀರಿನ ಗೆರೆ ಹಾಕೋಣ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೆ. ‘ಚೌಕ ಮಾತ್ರ’ ಅವರ ಮಾತು ನೆನಪಾಗಿ ಅಳಿಸಿದೆ. ಹೆಸರು ಕೂಡ ಹಾಕಿಲ್ಲ.

ಮೊದಲ ಅಚ್ಚು ತೆಗೆದು ಇಂಕ್ ಒಣಗುವ ಮೊದಲೇ ಅಮ್ಮನ ಮುಂದೆ ಇಟ್ಟೆ. ಈ ಸಲ ಅಡುಗೆಮನೆ ಸರಿಯಾದ ಕಡೆ ಇತ್ತು. ಅಮ್ಮ ಏನೂ ಹೇಳಲಿಲ್ಲ. ಬೆರಳು ಕಾಗದಕ್ಕೆ ತಾಗಿಸದೆ, ಸ್ವಲ್ಪ ಮೇಲೆ ಹಿಡಿದು, ಅಂಗಳದಿಂದ ಒಳಗೆ ಬಂದರು. ಜಗುಲಿ, ನಡುಮನೆ, ಅಲ್ಲಿಂದ ಎಡಕ್ಕೆ ದೇವರೊಳ. ಗೋಡೆ ಬಂದ ಕಡೆ ಬೆರಳು ನಿಂತಿತು. ಬಾಗಿಲು ಇದ್ದ ಕಡೆ ಮಾತ್ರ ದಾಟಿತು. ಹಿತ್ತಲ ಬಾಗಿಲ ಹತ್ತಿರ ಬಂದಾಗ ತಲೆ ತಗ್ಗಿಸಿದರು. ಆ ಬಾಗಿಲು ಗಿಡ್ಡ ಇತ್ತಂತೆ.

ಒಟ್ಟು ಆರು ಅಚ್ಚು ತೆಗೆಯುತ್ತೇನೆ. ಅಮ್ಮನ ಜೊತೆ ಹುಟ್ಟಿದವರು ಐದು ಜನ. ಆರನೆಯದು ಅಮ್ಮನಿಗೆ.

ಹಳೇ ಡ್ರಾಫ್ಟ್ಸ್‌ಮನ್

ಬಾವಿ ಎಲ್ಲಿತ್ತು?

ಶರಾವತಿ ಕಡೆಯವಳು

ಅಯ್ಯೋ. ಇರಿ ಸರ್, ಅಮ್ಮನನ್ನು ಕೇಳಿ ಬರುತ್ತೇನೆ.